ಡ್ಯೂರರ್ ತನ್ನ ಅಪ್ಪ-ಅಮ್ಮನನ್ನು ತಾಮ್ರದಲ್ಲಿ ಯಾಕೆ ಕೆತ್ತಲಿಲ್ಲ?

ಹಳೆಕಾಗದ

ನಮ್ಮ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಂದು ಅಚ್ಚುಚಿತ್ರ ಹಾಕಿದ್ದರು. ಟೋಪಿ ಹಾಕಿಕೊಂಡ ಒಬ್ಬ ಮುದುಕ, ತೆಳ್ಳನೆ ತುಟಿ, ನೇರವಾಗಿ ನಮ್ಮನ್ನೇ ನೋಡುವ ಕಣ್ಣು. "ಡ್ಯೂರರ್ ಕೆತ್ತಿದ ತನ್ನ ತಂದೆಯ ಚಿತ್ರ" ಅಂತ ಬರೆದಿದ್ದರು. ದೊಡ್ಡದು ಮಾಡಿ ನೋಡಿದರೆ ಅದರಲ್ಲಿ ಹೋಲರ್ ಅನ್ನುವ ಹೆಸರು, 1644 ಅನ್ನುವ ಇಸವಿ. ಜರ್ಮನಿಯ ನ್ಯೂರೆಂಬರ್ಗ್ ಊರಿನ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ ಸತ್ತದ್ದು 1528ರಲ್ಲಿ. ಅಂದರೆ ಅವನು ಸತ್ತು ನೂರು ವರ್ಷ ದಾಟಿದ ಮೇಲೆ ಬೇರೆ ಯಾರೋ ಮಾಡಿದ್ದು.

ಅಲ್ಲಿಂದ ತಲೆಯಲ್ಲಿ ಒಂದೇ ಹುಳ. ಯುರೋಪಿನಲ್ಲಿ ತಾಮ್ರದ ತಗಡಿನಲ್ಲಿ ಚಿತ್ರ ಕೆತ್ತಿ ಅಚ್ಚು ತೆಗೆಯುವ ಕೆಲಸಕ್ಕೆ ಇವನಷ್ಟು ಹೆಸರಾದವನು ಇನ್ನೊಬ್ಬನಿಲ್ಲ. ಅಪ್ಪನ ಪೇಂಟಿಂಗ್ ಮಾಡಿದ್ದಾನೆ. ಅಮ್ಮನನ್ನು ಇದ್ದಿಲಿನಲ್ಲಿ ಬರೆದಿದ್ದಾನೆ, ಅದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಆದರೆ ಇಬ್ಬರನ್ನೂ ತಗಡಿನಲ್ಲಿ ಕೆತ್ತಲಿಲ್ಲ. ಯಾಕೆ? ಗೊತ್ತಿರುವವರು ಹೇಳಿ, ಸುಮ್ನೆ ಊಹೆ ಇದ್ದರೂ ಪರವಾಗಿಲ್ಲ.

ಬೆಳಗಾವಿ_ಹುಡುಗ

ಅಪ್ಪ ಅಮ್ಮನ ಮೇಲೆ ಅಷ್ಟು ಪ್ರೀತಿ ಇರಲಿಲ್ಲ. ಮುಗೀತು. ಮುಂದಿನ ಪ್ರಶ್ನೆ?

ತಾಮ್ರತಗಡು

ನಾನು ಪ್ರಿಂಟ್‌ಮೇಕಿಂಗ್ ಓದಿದವಳು, ಹಾಗಾಗಿ ಮೊದಲು ಕೆಲಸದ ಮಾತು. ಹೋಲರ್‌ನದು ಎಚ್ಚಿಂಗ್, ಉಳಿಯ ಕೆತ್ತನೆ ಅಲ್ಲ. ಎಚ್ಚಿಂಗ್‌ನಲ್ಲಿ ತಗಡಿನ ಮೇಲೆ ಮೇಣದಂಥ ಪದರ ಬಳಿಯುತ್ತಾರೆ, ಅದರ ಮೇಲೆ ಸೂಜಿಯಲ್ಲಿ ಗೀಚುತ್ತಾರೆ. ಆಮೇಲೆ ಆಸಿಡ್‌ಗೆ ಬಿಡುತ್ತಾರೆ, ಗೀಚಿದ ಕಡೆ ಆಸಿಡ್ ಲೋಹವನ್ನು ತಿನ್ನುತ್ತದೆ. ಕೈಗೆ ಕಾಗದದ ಮೇಲೆ ಬರೆದಷ್ಟೇ ಸಲೀಸು. ಎನ್‌ಗ್ರೇವಿಂಗ್, ಅಂದರೆ ಉಳಿಯ ಕೆತ್ತನೆ, ಹಾಗಲ್ಲ. ಅಲ್ಲಿ ಬ್ಯೂರಿನ್ ಅನ್ನುವ ಚೂಪು ಉಕ್ಕಿನ ಉಳಿಯನ್ನು ಅಂಗೈಯಿಂದ ತಳ್ಳಿ ತಾಮ್ರವನ್ನೇ ಸೀಳಿ ತೆಗೆಯಬೇಕು. ಒಂದೊಂದು ಗೆರೆಯೂ ಒಂದು ಸಣ್ಣ ಕಾಲುವೆ. ಬಾಗಿದ ಗೆರೆ ಬೇಕಾದರೆ ಕೈ ತಿರುಗಿಸುವುದಿಲ್ಲ, ಕೈ ಇದ್ದಲ್ಲೇ ಇರುತ್ತದೆ, ಮರಳು ತುಂಬಿದ ಚರ್ಮದ ದಿಂಬಿನ ಮೇಲೆ ಇಟ್ಟ ತಗಡನ್ನು ಎಡಗೈಯಿಂದ ತಿರುಗಿಸುತ್ತಾರೆ. ಅಷ್ಟಾದ ಮೇಲೆ ಅಂಚಿನಲ್ಲಿ ಎದ್ದ ಚಕ್ಕೆ ಕೆರೆಯಬೇಕು, ಮಸಿ ತುಂಬಬೇಕು, ಮೇಲಿನ ಮಸಿ ಒರೆಸಬೇಕು, ಒದ್ದೆ ಕಾಗದ ಇಟ್ಟು ಪ್ರೆಸ್‌ನಲ್ಲಿ ಎಳೆಯಬೇಕು.

ಮುಖದ ಸುಕ್ಕುಗಳನ್ನು ಹೀಗೆ ಮಾಡುವುದು ವಾರಗಟ್ಟಲೆ ಕೆಲಸ. ಬರೀ ಪ್ರೀತಿಗೆ ಅಂತ ಯಾರೂ ಅಷ್ಟು ಮಾಡುವುದಿಲ್ಲ. ಅಥವಾ ಮಾಡುತ್ತಾರೇನೋ, ಆದರೆ ಆ ಕಾಲದಲ್ಲಿ ತಗಡು ಅಂದರೆ ಬಂಡವಾಳ. ಒಂದು ತಗಡಿನಿಂದ ನೂರಾರು ಪ್ರತಿ ತೆಗೆಯಬಹುದು ಅಂತಲೇ ಅದಕ್ಕೆ ಕೈ ಹಾಕುತ್ತಿದ್ದರು.

ಅಕ್ಕಸಾಲಿ_ಮನೆ

ತಗಡು ಅಕ್ಕ ಹೇಳಿದ್ದು ಸರಿ. ನಮ್ಮ ಮನೆಯಲ್ಲಿ ಮೂರು ತಲೆಮಾರು ಇದೇ ಕಸುಬು, ಬಳೆಯ ಮೇಲೆ ಹೆಸರು ಕೆತ್ತುವಾಗ ನಮ್ಮ ತಾತ ಕೂಡ ಬಳೆಯನ್ನೇ ತಿರುಗಿಸುತ್ತಿದ್ದರು, ಉಳಿಯನ್ನಲ್ಲ.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಡ್ಯೂರರ್‌ನ ಅಪ್ಪನೂ ಅಕ್ಕಸಾಲಿಗ! ಅವನ ಹೆಸರೂ ಆಲ್ಬ್ರೆಕ್ಟ್. ಹಂಗೆರಿಯ ಗ್ಯುಲಾ ಹತ್ತಿರದ ಹಳ್ಳಿಯವನು, ಊರೂರು ತಿರುಗಿ 1455ರಲ್ಲಿ ನ್ಯೂರೆಂಬರ್ಗ್‌ಗೆ ಬಂದ. ಹಿರೋನಿಮಸ್ ಹೋಲ್ಪರ್ ಅನ್ನುವ ಅಕ್ಕಸಾಲಿಗನ ಹತ್ತಿರ ಕೆಲಸಕ್ಕೆ ನಿಂತ, ಕೊನೆಗೆ 1467ರಲ್ಲಿ ಅವನ ಮಗಳು ಬಾರ್ಬರಾಳನ್ನೇ ಮದುವೆಯಾದ. ಆಗ ಇವನಿಗೆ 40, ಅವಳಿಗೆ 15. ಉಳಿ ಹಿಡಿಯುವುದನ್ನು ಮಗ ಕಲಿತದ್ದು ಇದೇ ಅಪ್ಪನ ಅಂಗಡಿಯಲ್ಲಿ. ಆಮೇಲೆ ನನಗೆ ಚಿತ್ರಕಲೆ ಬೇಕು ಅಂತ ಹಟ ಹಿಡಿದ. ಇಷ್ಟು ದಿನ ಕಲಿಸಿದ್ದು ದಂಡವಾಯಿತಲ್ಲ ಅಂತ ಅಪ್ಪ ಬೇಜಾರು ಮಾಡಿಕೊಂಡ, ಆದರೂ ಬಿಟ್ಟುಕೊಟ್ಟ, 1486ರಲ್ಲಿ ಮಿಖಾಯೆಲ್ ವೋಲ್ಗೆಮುಟ್ ಹತ್ತಿರ ಸೇರಿಸಿದ. ಯಾವ ಕೈಕೆಲಸದಿಂದ ಮಗ ಲೋಕಕ್ಕೆಲ್ಲ ಗೊತ್ತಾದನೋ ಅದರ ಮೊದಲ ಪಾಠ ಅಪ್ಪನದು. ಆ ಉಳಿಯಲ್ಲೇ ಅಪ್ಪನ ಮುಖ ಇಲ್ಲ ಅಂದರೆ ನನಗೂ ಒಂಥರಾ ಅನಿಸುತ್ತದೆ.

ಗ್ರಂಥಾಲಯದ_ಇಲಿ

@ಬೆಳಗಾವಿ_ಹುಡುಗ, ಪ್ರೀತಿ ಇರಲಿಲ್ಲ ಅನ್ನುವ ಮಾತು ನಿಲ್ಲುವುದಿಲ್ಲ ಗುರೂ. ಆ ಕಾಲದ ಕಲಾವಿದರಲ್ಲಿ ತಂದೆ ತಾಯಿ ಬಗ್ಗೆ ಇಷ್ಟು ಬರೆದಿಟ್ಟವರು ಬಹಳ ಕಡಿಮೆ.

ತಾಯಿ 1514ರ ಮೇ ತಿಂಗಳಲ್ಲಿ ತೀರಿಕೊಂಡಳು. ಅದರ ಬಗ್ಗೆ ಅವನು ಬರೆದ ಹಾಳೆ ಈಗಲೂ ಉಳಿದಿದೆ. ಅವಳು 18 ಮಕ್ಕಳನ್ನು ಹೆತ್ತಳು. ಪ್ಲೇಗು ನೋಡಿದಳು, ಬೇರೆ ಬೇರೆ ಕಾಯಿಲೆ ಅನುಭವಿಸಿದಳು, ಬಡತನ, ಜನರ ಹಂಗಿಸುವ ಮಾತು, ಹೆದರಿಕೆ ಎಲ್ಲ ಸಹಿಸಿದಳು, ಆದರೂ ಯಾರ ಮೇಲೂ ಹಗೆ ಇಟ್ಟುಕೊಳ್ಳಲಿಲ್ಲ ಅಂತ ಬರೆಯುತ್ತಾನೆ. ನಾನು ತಪ್ಪು ಮಾಡಿದರೆ ಚೆನ್ನಾಗಿ ಬೈಯುತ್ತಿದ್ದಳು ಅನ್ನುತ್ತಾನೆ. ಮನೆಯಿಂದ ಹೊರಗೆ ಹೋಗುವಾಗ, ಒಳಗೆ ಬರುವಾಗ "ಕ್ರಿಸ್ತನ ಹೆಸರಲ್ಲಿ ಹೋಗು" ಅನ್ನುತ್ತಿದ್ದಳಂತೆ. ಸಾಯುವಾಗ ಏನೋ ಭಯಾನಕವಾದದ್ದು ಕಂಡಿರಬೇಕು, ಪವಿತ್ರ ಜಲ ಕೇಳಿದಳು ಅಂತಲೂ ಬರೆದಿದ್ದಾನೆ. ಸತ್ತ ಮೇಲೆ ಅವಳ ಮುಖ ಬದುಕಿದ್ದಾಗಿನದಕ್ಕಿಂತ ಎಷ್ಟೋ ಸಿಹಿಯಾಗಿ ಕಾಣುತ್ತಿತ್ತು ಅಂತಲೂ.

ಪ್ರೀತಿ ಇಲ್ಲದವನು ಇದನ್ನೆಲ್ಲ ಬರೆಯುತ್ತಾನಾ?

ಬೆಳಗಾವಿ_ಹುಡುಗ

ಸರಿ ಸರಿ, ಸೋತೆ 🙏 18 ಮಕ್ಕಳಾ??

ಗ್ರಂಥಾಲಯದ_ಇಲಿ

ಹೌದು. ದೊಡ್ಡವರಾಗಿ ಉಳಿದವರು ಮೂವರೇ. ನಮ್ಮ ಡ್ಯೂರರ್, ತಮ್ಮಂದಿರು ಎಂಡ್ರೆಸ್ ಮತ್ತು ಹಾನ್ಸ್.

ಸಂಶಯರಾಯ

ನಾನು ಸ್ವಲ್ಪ ಉಲ್ಟಾ ಹೊಡೆಯುತ್ತೇನೆ, ಬೇಜಾರಾಗಬೇಡಿ. ಡೈರಿಯಲ್ಲಿ ಅಳುವುದು ಸುಲಭ. ಡ್ಯೂರರ್ ವ್ಯಾಪಾರಿ. 1506ರಲ್ಲಿ ವೆನಿಸ್‌ನಲ್ಲಿ ಕೂತು ಗೆಳೆಯ ಪಿರ್ಕ್‌ಹೈಮರ್‌ಗೆ ಪತ್ರ ಬರೆಯುತ್ತಾನೆ. ಅದರಲ್ಲಿ ಏನು ಹೇಳುತ್ತಾನೆ? ನ್ಯೂರೆಂಬರ್ಗ್‌ನಲ್ಲಿ ಪವಿತ್ರ ವಸ್ತುಗಳನ್ನು ಜನರಿಗೆ ತೋರಿಸುವ ಹಬ್ಬ ಬರುತ್ತಿದೆ, ಆ ಹಬ್ಬದಲ್ಲಿ ಮಾರಾಟ ನೋಡಿಕೊಳ್ಳಲು ಅಮ್ಮನಿಗೆ ಹೇಳು ಅಂತ. ಹೆಂಡತಿ ಆಗ್ನೆಸ್ ಫ್ರಾಂಕ್‌ಫರ್ಟ್ ಸಂತೆಗೆ ಚಿತ್ರ ಹೊತ್ತುಕೊಂಡು ಹೋಗುತ್ತಿದ್ದಳು. ಅಮ್ಮ ವಿಧವೆ, ಐವತ್ತು ದಾಟಿದವಳು, ಅವಳು ಜಾತ್ರೆಯಲ್ಲಿ ಮಗನ ಅಚ್ಚುಚಿತ್ರ ಮಾರಬೇಕು. ಮಗ ವೆನಿಸ್‌ನಲ್ಲಿ ಡ್ಯಾನ್ಸ್ ಕ್ಲಾಸಿಗೆ ದುಡ್ಡು ಕೊಡುತ್ತಾನೆ (ನಿಜವಾಗಿಯೂ, ಅದನ್ನೂ ಅವನೇ ಬರೆದಿದ್ದಾನೆ, ಎರಡು ಸಲ ಹೋಗಿ ಬಿಟ್ಟನಂತೆ).

ಅಂದರೆ ಆ ಕೆತ್ತನೆಗಳನ್ನು ಕೈಯಲ್ಲಿ ಹಿಡಿದು ಗಿರಾಕಿಗಳಿಗೆ ತೋರಿಸಿದವಳು ಬಾರ್ಬರಾ. ಆಡಂ-ಈವ್ ತೋರಿಸಿರಬಹುದು, ಮೇರಿಯ ಚಿತ್ರಗಳನ್ನು ತೋರಿಸಿರಬಹುದು. ಅವಳ ಮುಖ ಮಾತ್ರ ಆ ಕಟ್ಟಿನಲ್ಲಿ ಇಲ್ಲ. ಇದನ್ನು ನೀವು ಏನಂತೀರಿ?

ತಾಮ್ರತಗಡು

ಅದಕ್ಕೇ ಇಲ್ಲ ಸರ್! ಜಾತ್ರೆಗೆ ಬಂದವನು ಮೇರಿಯನ್ನು ಕೊಳ್ಳುತ್ತಾನೆ, ಮನೆಯ ಗೋಡೆಗೆ ಅಂಟಿಸಿ ಕೈಮುಗಿಯುತ್ತಾನೆ. ಗುರುತಿಲ್ಲದ ಅಕ್ಕಸಾಲಿಗನ ಹೆಂಡತಿಯ ಮುಖ ತಗೊಂಡು ಏನು ಮಾಡುತ್ತಾನೆ?

ಫ್ರಾಂಕೋನಿಯಾ_ಕನ್ನಡತಿ

ನಾನು ನ್ಯೂರೆಂಬರ್ಗ್ ಹತ್ತಿರವೇ ಇರುವುದು. ಸಂಶಯರಾಯರೇ, ಅಮ್ಮನನ್ನು ದುಡಿಸಿಕೊಂಡ ಅನ್ನುವ ಧಾಟಿ ನನಗೆ ಒಪ್ಪಿಗೆ ಇಲ್ಲ. ಅಪ್ಪ 1502ರಲ್ಲಿ ಹೋದ. ಎರಡು ವರ್ಷ ಆದ ಮೇಲೆ ಅಮ್ಮನ ಹತ್ತಿರ ಏನೂ ಉಳಿದಿರಲಿಲ್ಲ, ಆಗ ಮಗ ತನ್ನ ಜೊತೆಗೆ ಕರೆದುಕೊಂಡು ಬಂದ. ಅಲ್ಲಿಂದ ಸಾಯುವವರೆಗೆ ಅವನ ಜೊತೆಯಲ್ಲೇ ಇದ್ದಳು. ಮನೆಯ ವ್ಯಾಪಾರ ಅಂದರೆ ಮನೆಯವರೆಲ್ಲರ ವ್ಯಾಪಾರ. ನಮ್ಮಜ್ಜಿ ಕೊನೆಯವರೆಗೂ ಅಂಗಡಿಯ ಗಲ್ಲಾದ ಮೇಲೆ ಕೂರುತ್ತಿದ್ದರು, ಯಾರಾದರೂ ಏಳಿ ಅಂದಿದ್ದರೆ ಜಗಳವೇ ಆಗುತ್ತಿತ್ತು.

1509ರಲ್ಲಿ ಅವನು ಕೊಂಡ ಮನೆ ಈಗ ಮ್ಯೂಸಿಯಂ. ಕೋಟೆಯ ಕೆಳಗೆ, ಊರಬಾಗಿಲ ಪಕ್ಕದಲ್ಲೇ. ಕೆಳಗೆ ಕಲ್ಲು, ಮೇಲೆ ಮರದ ಚೌಕಟ್ಟಿನ ಮಹಡಿಗಳು. ಆಗ್ನೆಸ್ ವೇಷ ಹಾಕಿದ ನಟಿಯೊಬ್ಬರು ಮನೆ ತೋರಿಸುವ ಟೂರ್ ಕೂಡ ಇದೆ. ಪ್ರೆಸ್‌ನಲ್ಲಿ ಅಚ್ಚು ತೆಗೆದು ತೋರಿಸುತ್ತಾರೆ. ಮನೆ ತೋರಿಸುವವಳು ಸೊಸೆ, ಅತ್ತೆಗೆ ಅಲ್ಲೂ ಪಾತ್ರ ಇಲ್ಲ ಅಂತ ನಗು ಬಂತು.

ಆ ಇದ್ದಿಲ ಚಿತ್ರ ಇರುವುದು ಇಲ್ಲಲ್ಲ, ಬರ್ಲಿನ್‌ನ ಕುಪ್ಫರ್‌ಸ್ಟಿಶ್‌ಕಾಬಿನೆಟ್ ಅನ್ನುವ ಚಿತ್ರ ಸಂಗ್ರಹಾಲಯದಲ್ಲಿ.

ಹಳೆಕಾಗದ

ಅದನ್ನೇ ಸ್ವಲ್ಪ ವಿವರವಾಗಿ ನೋಡೋಣ ಅಂತ. ದೊಡ್ಡ ಚಿತ್ರ ಅದು, ಸುಮಾರು 42 ಸೆಂ.ಮೀ. ಎತ್ತರ, 30 ಸೆಂ.ಮೀ. ಅಗಲ. ತಲೆಗೆ ಬಟ್ಟೆ ಸುತ್ತಿಕೊಂಡಿದ್ದಾಳೆ. ಹಣೆಯ ಮೇಲೆ ಸುಕ್ಕು ಒಂದರ ಮೇಲೊಂದು. ಕೆನ್ನೆಯ ಮೂಳೆ ಎದ್ದಿದೆ. ಕತ್ತಿನಲ್ಲಿ ಮಾಂಸವೇ ಇಲ್ಲ, ನರ ಬಿಗಿದುಕೊಂಡಿವೆ, ಅದರ ಕೆಳಗೆ ಕೊರಳೆಲುಬು. ಎರಡು ಕಣ್ಣೂ ಒಂದೇ ಕಡೆ ನೋಡುತ್ತಿಲ್ಲ. ಒಂದು ಪಕ್ಕಕ್ಕೆ ಸರಿದಿದೆ. ಬೇರೆಯವನಾಗಿದ್ದರೆ ಅದನ್ನು ಸರಿಮಾಡಿ ಬರೆಯುತ್ತಿದ್ದ. ಇವನು ಇದ್ದ ಹಾಗೇ ಬರೆದಿದ್ದಾನೆ.

ಮೂಲೆಯಲ್ಲಿ ಇದ್ದಿಲಿನಲ್ಲೇ ಬರೆದಿದ್ದಾನೆ, "ಇದು ಆಲ್ಬ್ರೆಕ್ಟ್ ಡ್ಯೂರರ್‌ನ ತಾಯಿ, ಆಗ ಅವಳಿಗೆ 63 ವರ್ಷ" ಅಂತ. ತಾರೀಖೂ ಹಾಕಿದ್ದಾನೆ, ಲೆಕ್ಕ ಹಾಕಿದರೆ 1514ರ ಮಾರ್ಚ್ 19. ಅದರ ಕೆಳಗೆ ಶಾಯಿಯಲ್ಲಿ ಇನ್ನೊಂದು ಬರಹ. ಅದೇ ವರ್ಷ ಮಂಗಳವಾರ, ಕತ್ತಲಾಗಿ ಎರಡು ಗಂಟೆಗೆ ತೀರಿಕೊಂಡಳು ಅಂತ. ಎರಡು ತಿಂಗಳ ಅಂತರದಲ್ಲಿ ಒಂದೇ ಕಾಗದದ ಮೇಲೆ ಎರಡು ಬೇರೆ ಬೇರೆ ಮಸಿ.

ಅಕ್ಕಸಾಲಿ_ಮನೆ

ಓದಿ ಎದೆ ಭಾರ ಆಯ್ತು.

ಗ್ರಂಥಾಲಯದ_ಇಲಿ

ಈಗ ಮೂಲ ಪ್ರಶ್ನೆಗೆ ಬರೋಣ. ಎಲ್ಲರೂ ಹೇಳುವ ಸರಳ ಉತ್ತರ ಒಂದಿದೆ, ಇಸವಿಗಳ ಉತ್ತರ. ಬದುಕಿರುವ ಒಬ್ಬ ವ್ಯಕ್ತಿಯ ಮುಖವನ್ನೇ ಇಟ್ಟುಕೊಂಡು ಡ್ಯೂರರ್ ಮಾಡಿದ ಮೊದಲ ತಾಮ್ರದ ಕೆತ್ತನೆ 1519ರದ್ದು, ಬ್ರಾಂಡೆನ್‌ಬುರ್ಗ್‌ನ ಕಾರ್ಡಿನಲ್ (ಚರ್ಚಿನ ದೊಡ್ಡ ಧರ್ಮಗುರು) ಆಲ್ಬ್ರೆಕ್ಟ್. ಅಷ್ಟು ಹೊತ್ತಿಗೆ ಕೆತ್ತನೆ ಶುರುಮಾಡಿ ಇಪ್ಪತ್ತು ವರ್ಷದ ಮೇಲಾಗಿತ್ತು. ಅಪ್ಪ ಹೋಗಿ 17 ವರ್ಷ, ಅಮ್ಮ ಹೋಗಿ 5. ಹೀಗೆ ಮುಖಗಳನ್ನು ಕೆತ್ತುವ ಅಭ್ಯಾಸವೇ ಅವನಿಗೆ ಅವರು ಹೋದ ಮೇಲೆ ಬಂತು.

ಸಂಶಯರಾಯ

ಈ ಉತ್ತರ ಸಾಲದು ಸರ್. ಸತ್ತವರನ್ನು ಅಚ್ಚಿಗೆ ಹಾಕಬಾರದು ಅಂತ ಏನಾದರೂ ಇತ್ತಾ? ಚಕ್ರವರ್ತಿ ಮ್ಯಾಕ್ಸಿಮಿಲಿಯನ್‌ನನ್ನು 1518ರಲ್ಲಿ ಔಗ್ಸ್‌ಬುರ್ಗ್‌ನಲ್ಲಿ ಕೂರಿಸಿ ಬರೆದುಕೊಂಡ. ಮುಂದಿನ ಜನವರಿಯಲ್ಲಿ ಚಕ್ರವರ್ತಿ ಸತ್ತ. ಅದೇ ಚಿತ್ರದಿಂದ ಮರದಚ್ಚು ಮಾಡಿಸಿದ. ಪಂಡಿತ ಇರಾಸ್ಮಸ್‌ನನ್ನು 1520ರಲ್ಲಿ ನೋಡಿ ಬರೆದುಕೊಂಡ, ಕೆತ್ತಿದ್ದು 1526ರಲ್ಲಿ. ಹಳೆ ಚಿತ್ರ ಪೆಟ್ಟಿಗೆಯಲ್ಲಿ ಇದ್ದರೆ ಸಾಕು, ಎದುರಿಗೆ ಮನುಷ್ಯ ಬೇಕಾಗಿಲ್ಲ. ಅಮ್ಮನ ಚಿತ್ರ ಪೆಟ್ಟಿಗೆಯಲ್ಲಿ ಇತ್ತು. ಅಪ್ಪನ ಪೇಂಟಿಂಗ್ ಗೋಡೆಯ ಮೇಲೆ ಇತ್ತು. ಬೇಕು ಅಂದಿದ್ದರೆ ಮಾಡಬಹುದಿತ್ತು. ಬೇಕು ಅನಿಸಲಿಲ್ಲ. ಇದೇ ನನ್ನ ವಾದ.

ಗ್ರಂಥಾಲಯದ_ಇಲಿ

ಒಪ್ಪುತ್ತೇನೆ. ಇಸವಿ ಅರ್ಧ ಉತ್ತರ ಮಾತ್ರ. ಉಳಿದರ್ಧ ಅವನು ಯಾರನ್ನು ಕೆತ್ತಿದ ಅನ್ನುವುದರಲ್ಲಿದೆ.

ಆ ಪಟ್ಟಿ ದೊಡ್ಡದಲ್ಲ. ಕಾರ್ಡಿನಲ್ ಎರಡು ಸಲ, 1519 ಮತ್ತು 1523. ಸ್ಯಾಕ್ಸನಿಯ ದೊರೆ ಫ್ರೆಡರಿಕ್ 1524. ಗೆಳೆಯ ಪಿರ್ಕ್‌ಹೈಮರ್ 1524. ಫಿಲಿಪ್ ಮೆಲಾಂಕ್ಥನ್ 1526, ಇರಾಸ್ಮಸ್ 1526. ಆರು ತಗಡು, ಐದು ಗಂಡಸರು. ದೊರೆ, ಧರ್ಮಗುರು, ಪಂಡಿತರು. ಒಬ್ಬ ಹೆಂಗಸೂ ಇಲ್ಲ, ಒಬ್ಬ ಕಸುಬುದಾರನೂ ಇಲ್ಲ. ತನ್ನ ಮುಖವನ್ನು ಅಷ್ಟು ಸಲ ಪೇಂಟ್ ಮಾಡಿಕೊಂಡವನು ತನ್ನನ್ನೇ ತಾಮ್ರದಲ್ಲಿ ಕೆತ್ತಿಕೊಳ್ಳಲಿಲ್ಲ, ಇದನ್ನು ಗಮನಿಸಿ. ಹಾಗಾಗಿ ಅಪ್ಪ-ಅಮ್ಮನನ್ನು ಮಾತ್ರ ಬಿಟ್ಟ ಅನ್ನುವುದು ಸರಿಯಲ್ಲ. ತನ್ನನ್ನೂ ಬಿಟ್ಟಿದ್ದಾನೆ, ಹೆಂಡತಿಯನ್ನೂ ಬಿಟ್ಟಿದ್ದಾನೆ.

ಅದೇ ಇಸ್ರಾಹೆಲ್ ಫಾನ್ ಮೆಕೆನೆಮ್ ನೋಡಿ. ಅವನೂ ಅಕ್ಕಸಾಲಿಗ, ಅವನ ಅಪ್ಪನೂ ಕೆತ್ತನೆಗಾರ. ಸುಮಾರು 1490ರಲ್ಲೇ ತನ್ನನ್ನೂ ಹೆಂಡತಿ ಈಡಾಳನ್ನೂ ಒಂದೇ ತಗಡಿನಲ್ಲಿ ಕೆತ್ತಿದ. ಡ್ಯೂರರ್‌ಗೆ ಇಂಥದ್ದು ಸಾಧ್ಯ ಅಂತ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. ಅವನು ಬೇರೆ ದಾರಿ ಹಿಡಿದ.

ತಾಮ್ರತಗಡು

ಇದಕ್ಕೆ ನಾನೊಂದು ಸೇರಿಸಬೇಕು. ಆ ಆರು ಚಿತ್ರಗಳನ್ನು ಬರೀ ಮುಖ ಅಂತ ನೋಡಬೇಡಿ. ಇರಾಸ್ಮಸ್, ಪಿರ್ಕ್‌ಹೈಮರ್, ಫ್ರೆಡರಿಕ್, ಮೆಲಾಂಕ್ಥನ್, ಎಲ್ಲದರಲ್ಲೂ ಕಲ್ಲಿನ ಹಲಗೆಯಂತೆ ಒಂದು ಫಲಕ, ಅದರ ಮೇಲೆ ರೋಮನ್ ದೊಡ್ಡಕ್ಷರ. ಹಳೇ ರೋಮಿನ ಸಮಾಧಿ ಕಲ್ಲುಗಳ ರೀತಿ. ಫ್ರೆಡರಿಕ್ ಚಿತ್ರದಲ್ಲಿ ಐದು ಅಕ್ಷರದ ಒಂದು ಸಂಕ್ಷೇಪ ಇದೆ, ಬಿಡಿಸಿದರೆ ಯೋಗ್ಯನಾದವನಿಗಾಗಿ, ಬದುಕಿರುವವನು ಬದುಕಿರುವವನಿಗೆ ಮಾಡಿದ್ದು ಅಂತ. ಪಿರ್ಕ್‌ಹೈಮರ್ ಕೆಳಗೆ, ಬುದ್ಧಿಯಿಂದ ಬದುಕುತ್ತೇವೆ, ಉಳಿದದ್ದೆಲ್ಲ ಸಾವಿಗೆ. ಮೆಲಾಂಕ್ಥನ್ ಕೆಳಗೆ, ಫಿಲಿಪ್‌ನ ಮುಖವನ್ನು ಡ್ಯೂರರ್ ಬರೆಯಬಲ್ಲ, ಮನಸ್ಸನ್ನು ಬರೆಯಲಾರ. ಅಂದರೆ ಇವು ಲ್ಯಾಟಿನ್ ಓದುವ ಜನರ ನಡುವೆ ಕೈಯಿಂದ ಕೈಗೆ ಹೋಗುವ ಕಾಗದದ ಸ್ಮಾರಕಗಳು.

ಹಣದ ಲೆಕ್ಕವೂ ಇದೆ. ಮೊದಲ ಕಾರ್ಡಿನಲ್ ಚಿತ್ರ ಒಂದು ಅಂಗೈಯಷ್ಟು ಅಷ್ಟೇ. ತಗಡು ಮತ್ತು 200 ಪ್ರತಿ ಕಾರ್ಡಿನಲ್‌ಗೆ ಕಳಿಸಿದ. ಪ್ರತಿಯಾಗಿ 200 ಚಿನ್ನದ ಗುಲ್ಡನ್ ನಾಣ್ಯ, ಮೇಲಂಗಿಗೆ 20 ಮೊಳ ಡಮಾಸ್ಕ್ ಬಟ್ಟೆ ಬಂತು ಅಂತ ಅವನೇ ಬರೆದಿದ್ದಾನೆ. ತನ್ನ ಮುಖ ಇನ್ನೂರು ಕಡೆ ಹೋಗಬೇಕು ಅಂತ ಕಾರ್ಡಿನಲ್‌ಗೆ ಆಸೆ. ಬಾರ್ಬರಾಳ ಮುಖ ಇನ್ನೂರು ಕಡೆ ಹೋಗಿ ಏನಾಗಬೇಕಿತ್ತು?

ಬೆಳಗಾವಿ_ಹುಡುಗ

20 ಮೊಳ ಬಟ್ಟೆ 😀 ಇರಾಸ್ಮಸ್ ಏನು ಕೊಟ್ಟ?

ಗ್ರಂಥಾಲಯದ_ಇಲಿ

ಇರಾಸ್ಮಸ್ ದೂರು ಕೊಟ್ಟ. ಚಿತ್ರ ತನ್ನ ಹಾಗೆ ಕಾಣುವುದಿಲ್ಲ, ಕಾಣದಿದ್ದರೆ ಆಶ್ಚರ್ಯವೇನಿಲ್ಲ, ಐದು ವರ್ಷದ ಹಿಂದೆ ಇದ್ದ ಹಾಗೆ ನಾನು ಈಗ ಇಲ್ಲವಲ್ಲ ಅಂತ ನಯವಾಗಿ ಚುಚ್ಚಿದ್ದಾನೆ.

ಮಳೆಬಿಲ್ಲು

ತಡವಾಗಿ ಬಂದೆ. ಯಾರೂ ಡ್ಯೂರರ್‌ನ ಮೆಲಂಕೋಲಿಯಾ ಅನ್ನುವ ಕೆತ್ತನೆ ಬಗ್ಗೆ ಹೇಳಲೇ ಇಲ್ಲವಲ್ಲ? ಅದು ಕೆತ್ತಿದ್ದೂ 1514ರಲ್ಲೇ, ಅಮ್ಮ ಸತ್ತ ವರ್ಷ. ಗೋಡೆಯ ಮೇಲಿನ ಮಾಯಾಚೌಕದ (ಹೇಗೆ ಕೂಡಿದರೂ ಒಂದೇ ಮೊತ್ತ ಬರುವ ಅಂಕಿಗಳ ಚೌಕ) ಕೊನೆ ಸಾಲಿನ ನಡುವೆ 15, 14 ಅಂತ ಬರುತ್ತದೆ. ತಲೆಗೆ ಕೈಕೊಟ್ಟು ಕೂತ ಆ ರೆಕ್ಕೆಯ ಹೆಂಗಸೇ ಅವನ ದುಃಖ. ಅಂದರೆ ಅಮ್ಮನನ್ನು ಕೆತ್ತಿದ್ದಾನೆ, ಬೇರೆ ರೂಪದಲ್ಲಿ. ನನಗಂತೂ ಇದು ಖಾತ್ರಿ.

ಗ್ರಂಥಾಲಯದ_ಇಲಿ

ಹೀಗೆ ಓದಿದವರು ನಿಮಗಿಂತ ಮುಂಚೆಯೂ ಇದ್ದಾರೆ. ಆದರೆ ನನಗೆ ಇದು ಎಳೆದು ತಂದದ್ದು ಅನಿಸುತ್ತದೆ. 15 ಮತ್ತು 14 ಪಕ್ಕಪಕ್ಕ ಬಂದರೆ 1514, ಅದು ಚಿತ್ರ ಮಾಡಿದ ಇಸವಿ. ಅದನ್ನು ಸಾವಿನ ತಾರೀಖು ಮಾಡಬೇಕಾಗಿಲ್ಲ. ಅದೇ 1514ರಲ್ಲಿ ಸಂತ ಜೆರೋಮ್ ಕೋಣೆಯಲ್ಲಿ ಕೂತು ಬರೆಯುವ ಚಿತ್ರವನ್ನೂ ಕೆತ್ತಿದ್ದಾನೆ. ಬಿಸಿಲು ಬಿದ್ದ ಕೋಣೆ, ಮಲಗಿದ ಸಿಂಹ, ಎಷ್ಟು ನೆಮ್ಮದಿ ಅದರಲ್ಲಿ. ಅದೂ ಅಮ್ಮ ಸತ್ತ ವರ್ಷದ್ದೇ ಅಲ್ವಾ? ಅದನ್ನು ಎಲ್ಲಿಗೆ ಸೇರಿಸುತ್ತೀರಿ?

ಮಳೆಬಿಲ್ಲು

ಹ್ಞಾಂ, ಜೆರೋಮ್ ವಿಷಯ ಒಳ್ಳೆ ಪಾಯಿಂಟು. ಆದರೂ ನನ್ನ ನಂಬಿಕೆ ಬಿಡಲ್ಲ 🙂

ಫ್ರಾಂಕೋನಿಯಾ_ಕನ್ನಡತಿ

ಅಪ್ಪನ ವಿಷಯ ಸ್ವಲ್ಪ ಕಡಿಮೆ ಆಯ್ತು ಇಲ್ಲಿ. ಅಪ್ಪನ ಪೇಂಟಿಂಗ್ ಎರಡು. ಮೊದಲನೆಯದು 1490ರದ್ದು, ಫ್ಲಾರೆನ್ಸ್‌ನ ಉಫಿಜಿ ಮ್ಯೂಸಿಯಂನಲ್ಲಿದೆ. ಅಪ್ಪನ ಕೈಯಲ್ಲಿ ಜಪಮಣಿ. ಹಿಂಬದಿಯಲ್ಲಿ ಎರಡೂ ಮನೆತನದ ಲಾಂಛನ. ಆಗ ಮಗನಿಗೆ ಹತ್ತೊಂಬತ್ತು ತುಂಬಿತ್ತೋ ಇಲ್ಲವೋ, ಊರು ಸುತ್ತಲು ಹೊರಡುವ ಮುಂಚೆ ಮಾಡಿಟ್ಟದ್ದು. ಇದರ ಜೋಡಿ ಅಮ್ಮನ ಪೇಂಟಿಂಗ್ ಇಲ್ಲಿ ನ್ಯೂರೆಂಬರ್ಗ್‌ನ ಗೆರ್ಮಾನಿಶೆಸ್ ಮ್ಯೂಸಿಯಂನಲ್ಲಿದೆ. ಅದು ಬಾರ್ಬರಾಳದೇ ಅಂತ ಗುರುತಿಸಿದ್ದು 1970ರ ದಶಕದ ಕೊನೆಯಲ್ಲಿ. ಅಲ್ಲಿಯವರೆಗೆ ಯಾರೋ ಒಬ್ಬ ಹೆಂಗಸು. ಅದರಲ್ಲಿ ಕೆಂಪು ಬಟ್ಟೆ, ತುಂಬಿದ ಮುಖ, ನಲವತ್ತರ ಹತ್ತಿರದ ಗೃಹಿಣಿ. ಅದನ್ನು ನೋಡಿ ಆಮೇಲೆ ಇದ್ದಿಲ ಚಿತ್ರ ನೋಡಬೇಕು. ಇಪ್ಪತ್ತನಾಲ್ಕು ವರ್ಷ ಒಂದು ಮುಖಕ್ಕೆ ಏನು ಮಾಡುತ್ತದೆ ಅಂತ ಗೊತ್ತಾಗುತ್ತದೆ.

ಅಪ್ಪನ ಎರಡನೆಯದು 1497ರದ್ದು, 70 ವರ್ಷ ಅಂತ ಬರೆದಿದೆ. ಲಂಡನ್ ನ್ಯಾಷನಲ್ ಗ್ಯಾಲರಿಯಲ್ಲಿದೆ, ಅವರು 1904ರಲ್ಲಿ ಕೊಂಡರು. ಅದು ಡ್ಯೂರರ್ ಕೈಯದೋ, ನಕಲೋ ಅಂತ ಈಗಲೂ ವಾದ. ಮುಖ ಅದ್ಭುತ, ಬಟ್ಟೆ ಮತ್ತು ಹಿನ್ನೆಲೆ ಸಪ್ಪೆ.

ಹಳೆಕಾಗದ

ಹೋಲರ್ ನೋಡಿದ್ದು ಈ 1497ರ ಚಿತ್ರದ್ದೇ ರೂಪ ಅಲ್ವಾ ಹಾಗಾದರೆ?

ಫ್ರಾಂಕೋನಿಯಾ_ಕನ್ನಡತಿ

ಹೌದು, ಅದರ ಕಥೆ ಚೆನ್ನಾಗಿದೆ. 1636ರಲ್ಲಿ ನ್ಯೂರೆಂಬರ್ಗ್ ನಗರದವರು ಇಂಗ್ಲೆಂಡಿನ ದೊರೆ ಒಂದನೇ ಚಾರ್ಲ್ಸ್‌ಗೆ ಎರಡು ಚಿತ್ರ ಉಡುಗೊರೆ ಕೊಟ್ಟರು. ಒಂದು ಅಪ್ಪನದು, ಇನ್ನೊಂದು ಡ್ಯೂರರ್ 1498ರಲ್ಲಿ ಮಾಡಿಕೊಂಡ ಸ್ವಂತ ಚಿತ್ರ. ರಾಯಭಾರಿಯಾಗಿ ಬಂದಿದ್ದ ಅರುಂಡೆಲ್ ದೊರೆ ತೆಗೆದುಕೊಂಡು ಹೋದ. ಪ್ರಾಗ್‌ನಲ್ಲಿ ಹುಟ್ಟಿದ ಹೋಲರ್ ಅದೇ ವರ್ಷ ಕಲೋನ್‌ನಲ್ಲಿ ಅರುಂಡೆಲ್‌ನ ಕೆಲಸಕ್ಕೆ ಸೇರಿದ್ದ. ಇಂಗ್ಲೆಂಡಿನಲ್ಲಿ ಅಂತರ್ಯುದ್ಧ ಶುರುವಾದ ಮೇಲೆ ಆಂಟ್ವೆರ್ಪ್‌ಗೆ ಹೋದ. 1644ರಲ್ಲಿ ಅಪ್ಪನ ಎಚ್ಚಿಂಗ್, 1645ರಲ್ಲಿ ಮಗನದು. ಚಾರ್ಲ್ಸ್‌ನ ತಲೆ 1649ರಲ್ಲಿ ಹೋಯಿತು, ಸಂಗ್ರಹ ಮಾರಾಟ ಆಯಿತು, ಅಪ್ಪ-ಮಗ ಬೇರೆಯಾದರು. ಮಗ ಈಗ ಮ್ಯಾಡ್ರಿಡ್‌ನ ಪ್ರಾಡೋ ಮ್ಯೂಸಿಯಂನಲ್ಲಿ.

ಸಂಶಯರಾಯ

ನೋಡಿ, ಇದು ನನಗೆ ಇಡೀ ಚರ್ಚೆಯಲ್ಲಿ ಜಾಸ್ತಿ ಇಷ್ಟ ಆದ ಭಾಗ. ಅಪ್ಪ ಅಚ್ಚಿಗೆ ಬಂದದ್ದು ಯಾವಾಗ? ಮಗ ಹೆಸರಾದ ಮೇಲೆ. ಬದುಕಿದ್ದಾಗ ಅವನು ನ್ಯೂರೆಂಬರ್ಗ್‌ನ ಹಲವು ಅಕ್ಕಸಾಲಿಗರಲ್ಲಿ ಒಬ್ಬ. 1644ರಲ್ಲಿ ಅವನು "ಡ್ಯೂರರ್‌ನ ಅಪ್ಪ". ಆಗ ಅವನ ಮುಖಕ್ಕೂ ಗಿರಾಕಿ ಹುಟ್ಟಿದ. ಅಂದರೆ ತಗಡು ಅಕ್ಕ ಹೇಳಿದ ಮಾರುಕಟ್ಟೆ ಮಾತು ಸರಿ, ನಾನು ಹೇಳಿದ "ಬೇಕು ಅನಿಸಲಿಲ್ಲ" ಅನ್ನುವುದೂ ಸರಿ. ಅಮ್ಮನಿಗೆ ಆ ಭಾಗ್ಯವೂ ಸಿಗಲಿಲ್ಲ, ಅವಳ ಪೇಂಟಿಂಗ್‌ಗೆ ಹೆಸರೇ ಕಳೆದುಹೋಗಿತ್ತಲ್ಲ.

ಅಕ್ಕಸಾಲಿ_ಮನೆ

ರೆಂಬ್ರಾಂಟ್ ಅಮ್ಮನ ಎಚ್ಚಿಂಗ್ ಮಾಡಿದ್ದಾನೆ ಅಂತ ಎಲ್ಲೋ ಕೇಳಿದ್ದೆ. ಅದು ಹೇಗೆ ಮತ್ತೆ?

ತಾಮ್ರತಗಡು

ಮಾಡಿದ್ದಾನೆ, ಆದರೆ ಅದು ಡ್ಯೂರರ್ ಆದ ನೂರು ವರ್ಷದ ಮೇಲೆ, ಬೇರೆಯೇ ಲೋಕ. 1628ರಲ್ಲಿ ಲೈಡನ್‌ನಲ್ಲಿ, ಇಪ್ಪತ್ತೆರಡರ ಹುಡುಗ. ಒಂದು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ತಗಡು, ಒಂದೊಂದು ಬದಿ ಸುಮಾರು ಆರೂವರೆ ಸೆಂ.ಮೀ. ಕೂದಲೆಳೆಯಂಥ ಗೆರೆಗಳು. ಅವನಿಗೆ ಮುದಿ ಮುಖ ಕಲಿಯಬೇಕಿತ್ತು, ಮನೆಯಲ್ಲೇ ಕೂಲಿ ಕೇಳದ ಮಾಡೆಲ್ ಇದ್ದಳು. ಮುಖ್ಯವಾದ ವ್ಯತ್ಯಾಸ ಏನು ಅಂದರೆ ತಗಡಿನ ಮೇಲೆ ಇವಳು ನನ್ನ ತಾಯಿ ಅಂತ ಬರೆದಿಲ್ಲ. 1679ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಚಿತ್ರ ವ್ಯಾಪಾರಿಯೊಬ್ಬನ ತಗಡುಗಳ ಪಟ್ಟಿಯಲ್ಲಿ "ರೆಂಬ್ರಾಂಟ್‌ನ ತಾಯಿ" ಅಂತ ಬರುತ್ತದೆ, ಅಲ್ಲಿಂದ ಆ ಹೆಸರು ಅಂಟಿತು. ಕೊಂಡವರಿಗೆ ಆರಂಭದಲ್ಲಿ ಅವಳು ಬರೀ ಒಬ್ಬ ಮುದುಕಿ. ಹೆಸರಿಲ್ಲದ ಮುದುಕಿಯ ಮುಖಕ್ಕೆ ಡಚ್ಚರಲ್ಲಿ ಗಿರಾಕಿ ಇದ್ದ, ನ್ಯೂರೆಂಬರ್ಗ್‌ನಲ್ಲಿ 1514ರಲ್ಲಿ ಇರಲಿಲ್ಲ.

ಡ್ಯೂರರ್ ಮಾಡಿದ್ದು ತದ್ವಿರುದ್ಧ. ಕಾಗದದ ಮೇಲೆ ಹೆಸರು, ವಯಸ್ಸು, ಸತ್ತ ದಿನ, ಗಂಟೆ ಎಲ್ಲ ಬರೆದ. ಬರೆದು ಮನೆಯಲ್ಲೇ ಇಟ್ಟುಕೊಂಡ.

ಗ್ರಂಥಾಲಯದ_ಇಲಿ

ಇದಕ್ಕೆ ಒಂದು ಸಣ್ಣ ಸೇರ್ಪಡೆ, ನನಗೆ ಇದೇ ದೊಡ್ಡ ವಿಷಯ. 1524ರಲ್ಲಿ ಫ್ರೆಡರಿಕ್ ಮತ್ತು ಪಿರ್ಕ್‌ಹೈಮರ್ ತಗಡು ಮುಗಿಸಿದ. ಅದೇ ವರ್ಷ ಕ್ರಿಸ್‌ಮಸ್ ಆದ ಮೇಲೆ ಕೂತು ತನ್ನ ಮನೆತನದ ಚರಿತ್ರೆ ಬರೆದ. ಅಪ್ಪ ಇಟ್ಟಿದ್ದ ಹಳೇ ಕಾಗದಗಳನ್ನು ನೋಡಿ, ಅಪ್ಪ ಯಾವ ಊರಿನವನು, ಯಾವಾಗ ಬಂದ, ಒಬ್ಬೊಬ್ಬ ಮಗು ಯಾವ ದಿನ ಯಾವ ಹೊತ್ತಿನಲ್ಲಿ ಹುಟ್ಟಿತು, ಜ್ಞಾನಸ್ನಾನದಲ್ಲಿ ಅದಕ್ಕೆ ಧರ್ಮತಂದೆ, ಧರ್ಮತಾಯಿ (ಗಾಡ್‌ಪೇರೆಂಟ್ಸ್) ಯಾರಾದರು, ಎಲ್ಲ ಪಟ್ಟಿ ಮಾಡಿದ. ಮೇಲೆ ಅಕ್ಕಸಾಲಿ ಸರ್ ಹೇಳಿದ 40, 15, 1455 ಎಲ್ಲ ನಮಗೆ ಗೊತ್ತಿರುವುದು ಅದರಿಂದಲೇ. ಒಂದೇ ವರ್ಷ, ಅದೇ ಕೈ. ದೊರೆಗೆ ಮತ್ತು ಗೆಳೆಯನಿಗೆ ತಾಮ್ರ, ಅಪ್ಪ-ಅಮ್ಮನಿಗೆ ಲೇಖನಿ. ಅವನಿಗೆ ಇವೆರಡು ಬೇರೆ ಬೇರೆ ಕೆಲಸ. ಊರವರು ನೋಡಬೇಕಾದದ್ದು ತಗಡಿಗೆ, ಮನೆಯವರು ಇಟ್ಟುಕೊಳ್ಳಬೇಕಾದದ್ದು ಕಾಗದಕ್ಕೆ. ಕೆತ್ತಲಿಲ್ಲ ಅನ್ನುವುದನ್ನು ಕೊರತೆ ಅಂತ ನೋಡುವುದೇ ನನಗೆ ಸರಿ ಅನಿಸುವುದಿಲ್ಲ.

ಸಂಶಯರಾಯ

ಚೆನ್ನಾಗಿ ಹೇಳಿದಿರಿ. ಆದರೆ ಮನೆಯವರು ಅಂದರೆ ಯಾರು? ಡ್ಯೂರರ್‌ಗೆ ಮಕ್ಕಳಿರಲಿಲ್ಲ.

ಗ್ರಂಥಾಲಯದ_ಇಲಿ

ತಮ್ಮಂದಿರು ಇದ್ದರಲ್ಲ. ಆದರೂ ಈ ಪ್ರಶ್ನೆ ಸ್ವಲ್ಪ ಕಚ್ಚುತ್ತದೆ, ಒಪ್ಪಿದೆ.

ಬೆಳಗಾವಿ_ಹುಡುಗ

ನನಗೊಂದು ಕೆಲಸಕ್ಕೆ ಬರುವ ಪ್ರಶ್ನೆ. ಇಂಥ ಚಿತ್ರ ಮತ್ತೆ ಯಾರಾದರೂ ಫಾರ್ವರ್ಡ್ ಮಾಡಿದರೆ ಉಳಿ ಕೆತ್ತನೆಯೋ ಎಚ್ಚಿಂಗೋ ಅಂತ ನೋಡಿ ಹೇಳುವುದು ಹೇಗೆ?

ತಾಮ್ರತಗಡು

ಗೆರೆಯ ತುದಿ ನೋಡಿ. ಮೊಬೈಲ್‌ನಲ್ಲಿ ಆದಷ್ಟು ದೊಡ್ಡದು ಮಾಡಿ. ಉಳಿ ತಾಮ್ರದ ಒಳಗೆ ಮೆಲ್ಲಗೆ ಇಳಿಯುತ್ತದೆ, ಮೆಲ್ಲಗೆ ಮೇಲೆ ಬರುತ್ತದೆ. ಹಾಗಾಗಿ ಗೆರೆ ಚೂಪಾಗಿ ಶುರುವಾಗಿ, ನಡುವೆ ದಪ್ಪವಾಗಿ, ಮತ್ತೆ ಚೂಪಾಗಿ ಮುಗಿಯುತ್ತದೆ. ಎಚ್ಚಿಂಗ್‌ನಲ್ಲಿ ಆಸಿಡ್ ಎಲ್ಲ ಕಡೆ ಒಂದೇ ಸಮ ತಿನ್ನುತ್ತದೆ, ಗೆರೆಯ ದಪ್ಪ ಒಂದೇ ಥರ ಇರುತ್ತದೆ, ತುದಿ ಮೊಂಡು. ಇರಾಸ್ಮಸ್‌ನ ತೋಳಿನ ಮಡಿಕೆ ನೋಡಿ, ಆಮೇಲೆ ಹೋಲರ್‌ನ ಅಪ್ಪನ ಅಂಗಿ ನೋಡಿ, ತಕ್ಷಣ ಗೊತ್ತಾಗುತ್ತದೆ. ಇನ್ನೊಂದು, ಅಚ್ಚಿನಲ್ಲಿ ಎಲ್ಲವೂ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುತ್ತದೆ, ಅಕ್ಷರಗಳನ್ನು ತಗಡಿನಲ್ಲಿ ಉಲ್ಟಾ ಕೆತ್ತಬೇಕು. ಆಡಿನ ಮೇಲೆ ಹಿಂದುಮುಂದಾಗಿ ಕೂತ ಮಾಟಗಾತಿಯ ಚಿತ್ರ ಹುಡುಕಿ, ಸುಮಾರು 1500ರದ್ದು. ಅದರಲ್ಲಿ ಡ್ಯೂರರ್ ಸಹಿಯ 'ಡಿ' ಉಲ್ಟಾ ಇದೆ.

ಬೆಳಗಾವಿ_ಹುಡುಗ

ನೋಡಿದೆ! ನಿಜಕ್ಕೂ ಉಲ್ಟಾ. ಬೇಕಂತಲೇ ಮಾಡಿದ್ದಾ?

ತಾಮ್ರತಗಡು

ಮಾಟಗಾತಿಯ ಲೋಕವೇ ತಲೆಕೆಳಗು, ಹಾಗಾಗಿ ಬೇಕಂತಲೇ ಅನ್ನುವವರು ಇದ್ದಾರೆ. ಅದಕ್ಕೆ ಬೇರೆ ಚರ್ಚೆ ಶುರುಮಾಡಿ, ಬರುತ್ತೇನೆ.